ಚಾಮುಂಡಮ್ಮನ ರಾಟೆ

ಅಮಾಸೆ ರಾತ್ರಿ. ಬಿಳಿಕೆರೇಲಿ ಕೊನೇ ಬಸ್ಸಿಳಿದು, ಆಲದ ಮರದ ಬಾವಿ ದಾಟೋವಾಗ ನಮ್ ಪಕ್ಕದ್ಮನೆ ಉಮಾಶಂಕರ ಏನ್ ಮಾಡ್ದ ಗೊತ್ತಾ? ಬಾವಿಗೆ ಉಗುದ. ಹೂಂ... ಉಗುದ.

ಹುಣಸೂರಲ್ಲಿ ಪೇಂಟ್ ಫ್ಯಾಕ್ಟ್ರಿ ಲ್ಯಾಬಲ್ಲಿ ಕೆಲಸ ಅವನದು. ತಗಡಿನ ಮೇಲೆ ಬಣ್ಣ ಬಳಿದಿರ್ಲಿ, ಎಣ್ಣೆ ಸವರಿರ್ಲಿ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಿಟ್ಟು ಅದರ ಜಾತಕ ಹೇಳೋ, ಕೈಲಿ ಹಿಡಿಯೋ ಮಿಷನ್ನು ಸಿಕ್ಕಿತ್ತು. ತಗಳಪ್ಪ, ಕಾಲು ನೆಲದ ಮೇಲೆ ನಿಲ್ತಿರ್ಲಿಲ್ಲ. ಸ್ವಂತ ಮನೆ ಗೇಟು ಬೀದಿಯೆಲ್ಲ ಏಳೋ ಅಂಗೆ ಕಿರುಚ್ತಿತ್ತು, ಅದಕ್ಕೊಂದು ತೊಟ್ಟು ಎಣ್ಣೆ ಬಿಡದ ಮಹಾಜ್ಞಾನಿ!

ಬಾವಿ ಕಟ್ಟೆ ಮೇಲೆ ಅವನ ಸೋದರತ್ತೆ ಮಾರಮ್ಮ ಕಾಯ್ತಾ ಕೂತಿದ್ಳು. ಬಾವಿ ಇವನ ಪಾಲಿಂದು. ಮುಚ್ಚಿ ಶೆಡ್ ಹಾಕ್ತೀನಿ ಅಂತ ಕುಣೀತಿದ್ದ.

"ಬ್ಯಾಡ ಕಣ್ಲಾ. ಅವ್ವ ಇನ್ನೂ ಬತ್ತಾಳೆ."

ಅವ್ವ ಅಂದ್ರೆ ಇವನ ಅಜ್ಜಿ, ಚಾಮುಂಡಮ್ಮ. ಬದುಕಿರೋಗಂಟ ಅಮಾಸೆ ಅಮಾಸೆಗೆ ಗಿಂಡೀಲಿ ಹರಳೆಣ್ಣೆ ತಂದು ಬಾವಿ ರಾಟೆಗೆ ಬಿಡೋಳು. "ಕಬ್ಬಿಣ ಅಳಬಾರ್ದು" ಅನ್ನೋಳು. ಸತ್ತ ಮೇಲೂ ರಾಟೆ ಒಣಗಿಲ್ಲ.

"ಹಳೇ ಜಿಡ್ಡು ಅದು, ದಡ್ಡಮುಂಡೇವಾ! ಈಗ್ಲೇ ಒರೆಸ್ತೀನಿ, ನಿಮ್ಮವ್ವ ಬಂದು ಎಣ್ಣೆ ಬಿಡ್ತಾಳಾ ನೋಡಾವ."

ಲ್ಯಾಬಿಂದ ತಂದಿದ್ದ ಥಿನ್ನರ್ ಹಾಕಿ ಗಸಗಸ ತಿಕ್ಕಿದ. ಮಿಷನ್ ಮೂತಿ ರಾಟೆಗೆ ಒತ್ತಿದ. ಪರದೆ ಮೇಲೆ ಗೆರೆ ಸಪಾಟು. ಬರೀ ಕಬ್ಬಿಣ.

"ಎಲ್ಲವ್ಳೆ ನಿಮ್ಮವ್ವ?" ಅಂತ ನಕ್ಕ.

ಕಿರ್... ಕಿರ್ರ್...

ಹಗ್ಗ ಇಲ್ಲ, ಗಾಳಿ ಇಲ್ಲ. ರಾಟೆ ತಿರುಗ್ತಿತ್ತು.

"ಒಣಗಿಸ್ಬುಟ್ಟೆ..." ಅತ್ತೆ ಪಿಸುಗುಟ್ಟಿದ್ಳು.

ಟಣ್. ಕಲ್ಲಿನ ಮೇಲೆ ಗಿಂಡಿ ಇಟ್ಟ ಸದ್ದು. ಆಮೇಲೆ... ತೊಟ್... ತೊಟ್... ರಾಟೆ ತಿರುಗ್ತಾನೇ ಇತ್ತು. ಕಿರ್‌ಗುಟ್ಟೋದು ಮಾತ್ರ ನಿಂತೋಯ್ತು.

ಮಿಷನ್ ಮತ್ತೆ ಒತ್ತಿದ. ಗೆರೆ ಎರಡು ಕಡೆ ತಗ್ಗಿಗೆ ಬಿತ್ತು. ಒಂದು, ಯಾವ ಎಣ್ಣೆಗಾದ್ರೂ ಬೀಳೋದು. ಇನ್ನೊಂದು ಅಗಲವಾದ್ದು. ಅದು ಅಡುಗೆ ಎಣ್ಣೆಗೆ ಬೀಳಲ್ಲ, ಹರಳೆಣ್ಣೆಗೆ ಬೀಳ್ತದೆ. ಲ್ಯಾಬಲ್ಲಿ ಎಷ್ಟೋ ಸಲ ನೋಡಿದ್ದ.

ಆದ್ರೂ ಕೊಬ್ಬು ಇಳೀಬೇಕಲ್ಲ! ಬಾವಿ ಕಡೆ ತಿರುಗಿ ಅರಚ್ದ: "ನಾಳೆ ರಾಟೆ ಕೀಳಿಸ್ತೀನಿ. ಬೇರೆ ಜಾಗ ನೋಡ್ಕೋ, ಓಗಜ್ಜಿ!"

"ಅಂಗನ್ಬ್ಯಾಡ್ವೋ..." ಅತ್ತೆ ಅವನ ಬಾಯಿಗೆ ಕೈ ಅಡ್ಡ ಇಟ್ಳು. ತಡವಾಗಿತ್ತು.

ದಡದಡ ಮನೆಗೆ ಬಂದ. ಗೇಟು ತಳ್ಳಿದ.

ತೆರ್ಕೊಂತು... ಸದ್ದೇ ಇಲ್ಲ.

ಕೀಲು ಮುಟ್ಟಿ ನೋಡ್ದ. ಬೆರಳು ಜಿಡ್ಡಾಯ್ತು.

ನಗಾಡ್ಬ್ಯಾಡಿ. ಬಾವಿ ಇವತ್ತಿಗೂ ಮುಚ್ಚಿಲ್ಲ, ರಾಟೆ ಅಲ್ಲೇ ಅದೆ, ತುಕ್ಕು ಹಿಡ್ದು ಕೂತದೆ. ಅವನ ಗೇಟು ಮಾತ್ರ... ಓಗಿ ತಳ್ಳಿ ನೋಡ್ಕಳಿ.