ಮೊದಲು ಪುಟ ತಿರುಗಿಸಿದವರು

ಬಯಲುಸೀಮೆಯ ಒಂದು ಊರಿನ ಕ್ರೈಸ್ತ ಸಭೆಯಲ್ಲಿ ಒಬ್ಬ ಶ್ರೀಮಂತರಿದ್ದರು. ಹೊಲ ಮನೆಯ ಶ್ರೀಮಂತರಲ್ಲ, ಅಕ್ಷರದ ಶ್ರೀಮಂತರು. ಮಿಷನ್ನಿನ ಅಚ್ಚುಕೂಟದಲ್ಲಿ ಮೂವತ್ತೈದು ವರ್ಷ ಸೀಸದ ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಸಾಲು ಕಟ್ಟಿದವರು. ಹೆಸರು ಬೇಕೆಂದರೆ ಸಮಾಧಾನಪ್ಪ ಎಂದಿಟ್ಟುಕೊಳ್ಳಿ.

ನಿವೃತ್ತರಾದ ಮೇಲೆ ಅವರ ಪಾಲಿಗೆ ಉಳಿದದ್ದು ಒಂದೇ ಕೆಲಸ. ತಿಂಗಳಲ್ಲಿ ಎರಡು ಭಾನುವಾರ ದೇವಾಲಯದಲ್ಲಿ ವೇದಪುಸ್ತಕದಿಂದ ಮೊದಲನೆಯ ಪಾಠ ಓದುವುದು. ನಮ್ಮಲ್ಲಿರುವಂತೆಯೇ ಆ ದೇವಾಲಯದ ದೊಡ್ಡ ಬಾಗಿಲಿಗೂ ಮೂರು ತಿಂಗಳಿಗೊಮ್ಮೆ ಸೇವೆಯ ಪಟ್ಟಿ ಅಂಟಿಸುತ್ತಿದ್ದರು. ಪೀಠಕ್ಕೆ ಹೂವು ಯಾರದು, ಬಾಗಿಲಲ್ಲಿ ನಿಂತು ಬಂದವರಿಗೆ ಕೈಮುಗಿಯುವವರು ಯಾರು, ಕಾಯಿಲೆಯವರ ಮನೆಗೆ ಹೋಗಿಬರುವವರು ಯಾರು, ಆರಾಧನೆಯಾದ ಮೇಲೆ ಕಾಫಿ ಯಾರದು, ಪಾಠ ಯಾವುದು, ಓದುವವರು ಯಾರು. ಆ ಪಟ್ಟಿಯಲ್ಲಿ ತಮ್ಮ ಹೆಸರಿದೆ ಎನ್ನುವುದೇ ಸಮಾಧಾನಪ್ಪನವರಿಗೆ ವಾರವಿಡೀ ಬೆನ್ನು ನೆಟ್ಟಗಿರಲು ಸಾಕಾಗುತ್ತಿತ್ತು.

ಹೀಗಿರುವಾಗ ಅವರ ಕಣ್ಣು ಮಂಜಾಯಿತು. ಆಪರೇಷನ್ನಿಗೆ ಬಗ್ಗುವ ಪೊರೆಯಲ್ಲ. ಎದುರಿಗೆ ಬಂದವರ ಸೀರೆಯ ಬಣ್ಣ ಕಾಣುತ್ತದೆ, ಮುಖ ಕಾಣುವುದಿಲ್ಲ. ಪುಟ ಕಾಣುತ್ತದೆ, ಅಕ್ಷರ ಕಾಣುವುದಿಲ್ಲ. ಅಕ್ಷರವನ್ನೇ ನಂಬಿ ಬದುಕಿದವರಿಗೆ ಹೀಗಾದರೆ ಏನು ಮಾಡುತ್ತಾರೆ ಹೇಳಿ? ಮುಚ್ಚಿಟ್ಟರು. ಗೊತ್ತಾದರೆ ಪಟ್ಟಿಯಿಂದ ಹೆಸರು ತೆಗೆದುಬಿಡುತ್ತಾರೆ ಎಂಬ ಭಯ. ತೆಗೆದರೆ ಭಾನುವಾರ ತಾನು ಯಾರು?

ಅವರ ಹೆಂಡತಿ ಹನ್ನಮ್ಮ ಒಬ್ಬರಿಗೆ ಮಾತ್ರ ಗೊತ್ತಿತ್ತು. ಸೋಮವಾರದಿಂದ ಶನಿವಾರದವರೆಗೆ, ಸೊಪ್ಪು ಬಿಡಿಸುತ್ತಾ, ಅಕ್ಕಿ ಆರಿಸುತ್ತಾ, ಆಕೆ ಮೊರದ ಪಕ್ಕದಲ್ಲಿ ವೇದಪುಸ್ತಕ ತೆರೆದಿಟ್ಟುಕೊಂಡು ಓದುವುದು. ಇವರು ಕೇಳಿ ಕೇಳಿ ಬಾಯಿಪಾಠ ಮಾಡುವುದು. ಭಾನುವಾರ ಗ್ರಂಥದ ಮುಂದೆ ನಿಂತು, ಕನ್ನಡಕ ಏರಿಸಿಕೊಂಡು, ಬೆರಳನ್ನು ಸಾಲಿನ ಮೇಲೆ ಜಾರಿಸುತ್ತಾ ಒಪ್ಪಿಸಿಬಿಡುವುದು. ಎರಡು ವರ್ಷ ಹೀಗೇ ನಡೆಯಿತು.

"ಇನ್ನೆಷ್ಟು ದಿನಾಂತ ರೀ ಈ ನಾಟಕ? ಅಯ್ನೋರಿಗೆ ಹೇಳಿಬಿಡಿ," ಎನ್ನುತ್ತಿದ್ದರು ಹನ್ನಮ್ಮ.

"ನೀನು ಓದು. ಮೂರನೇ ವಚನದಿಂದ," ಎನ್ನುತ್ತಿದ್ದರು ಇವರು.

ಆ ಸಭೆಯಲ್ಲಿ ಒಂದು ರೂಢಿಯಿತ್ತು. ಒಳಗೆ ಬರುವಾಗಲೇ ಬಾಗಿಲಲ್ಲಿ ಪಾಠ ನೋಡಿಕೊಂಡು, ಬೆಂಚಿನಲ್ಲಿ ಕೂತವರೇ ಆ ಪುಟ ತೆರೆದು ಮಡಿಲಲ್ಲಿಟ್ಟುಕೊಳ್ಳುವುದು. ಓದುವವರು ಮೆಟ್ಟಿಲು ಹತ್ತುವ ಹೊತ್ತಿಗೆ ಒಂದು ಹಾಳೆಯೂ ಸದ್ದು ಮಾಡಬಾರದು. ಸಮಾಧಾನಪ್ಪನವರೂ ರೂಢಿ ತಪ್ಪಿಸುತ್ತಿರಲಿಲ್ಲ. ಪಟ್ಟಿಯ ಮುಂದೆ ನಿಲ್ಲುವರು, ಕನ್ನಡಕ ಸರಿಮಾಡುವರು, ಕಣ್ಣಿದ್ದವರಿಗೆ ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತು, ತಲೆಯಾಡಿಸಿ ಒಳಗೆ ಬರುವರು.

ಒಂದು ಶನಿವಾರ ಸಂಜೆ ಬಿಷಪ್ಪರ ಕಚೇರಿಯಿಂದ ಪತ್ರ ಬಂತು. ನಾಳೆ ಎಲ್ಲ ಸಭೆಗಳಲ್ಲೂ ಸಸಿ ನೆಡುವ ಭಾನುವಾರ, ಅದಕ್ಕೆ ತಕ್ಕ ಪಾಠ ಓದಬೇಕು. ಅಯ್ಯನವರು, ಅಂದರೆ ಸಭಾಪಾಲಕರು, ಒಂದು ಚೀಟಿ ಬರೆದು ಪಟ್ಟಿಯ ಮೇಲೆ ಅಂಟಿಸಿದರು, ಗ್ರಂಥದ ರಿಬ್ಬನ್ನನ್ನೂ ಬೇರೆ ಪುಟಕ್ಕೆ ಸರಿಸಿದರು. ಬೆಳಿಗ್ಗೆ ಓದುವವರಿಗೆ ಬಾಯಲ್ಲೇ ಹೇಳೋಣ ಎಂದು ಬಾಗಿಲಿಗೆ ಬಂದರೆ, ಸಮಾಧಾನಪ್ಪನವರು ಆ ಚೀಟಿಯ ಮುಂದೆಯೇ ನಿಂತಿದ್ದಾರೆ. ನಿಂತರು, ನೋಡಿದರು, ತಲೆಯಾಡಿಸಿದರು. ಸರಿ, ಓದಿಕೊಂಡರಲ್ಲ ಎಂದು ಸಭಾಪಾಲಕರು ಸುಮ್ಮನಾದರು. ಹನ್ನಮ್ಮನವರೋ, ಆ ವಾರ ಹೂವಿನ ಸರದಿ ಅವರದು, ಬುಟ್ಟಿ ಹಿಡಿದುಕೊಂಡು ಪಕ್ಕದ ಬಾಗಿಲಿಂದ ಒಳಗೆ ಹೋಗಿದ್ದರು. ನೋಡಿ, ಕಾಣುವವರ ಹಾಗೆ ನಟಿಸಿದ್ದಕ್ಕೆ, ಕಾಣದ ಒಂದು ಚೀಟಿ ಹೇಗೆ ಕಾದು ಕೂತಿತ್ತು.

ಪಾಠದ ಹೊತ್ತು ಬಂತು. ಇವರು ಮೆಟ್ಟಿಲು ಹತ್ತಿದರು. ಮೊದಲಿದ್ದ ಪಟ್ಟಿಯ ಪ್ರಕಾರ ಭಾಗದ ಹೆಸರು, ಅಧ್ಯಾಯ, ವಚನ ಹೇಳಿದರು. ಬರಗಾಲದಲ್ಲಿ ವಿಧವೆಯ ಮಡಕೆಯ ಹಿಟ್ಟು ತೀರದೆ ಹೋದ ಭಾಗ. ಸಭೆಯ ಮಡಿಲಲ್ಲಿ ತೆರೆದಿದ್ದದ್ದು ಗಿಡಮರಗಳು ಹುಟ್ಟಿದ ಭಾಗ. ಹನ್ನಮ್ಮ ಪಕ್ಕದವರ ಪುಸ್ತಕ ನೋಡಿದರು. ಸಭಾಪಾಲಕರು ಅರ್ಧ ಎದ್ದು ಮತ್ತೆ ಕೂತರು.

ಸಮಾಧಾನಪ್ಪನವರು ಒಂದು ವಚನ ಹೇಳಿದರು. ಆಗ ಮುಂದಿನ ಬೆಂಚಿನಲ್ಲಿ ಒಂದು ಬಳೆಯ ಸದ್ದು, ಅದರ ಹಿಂದೆಯೇ ಒಂದು ಪುಟ ತಿರುಗಿದ ಸದ್ದು. ಆಮೇಲೆ ಇನ್ನೊಂದು. ಆಮೇಲೆ ಬೆಂಚಿನಿಂದ ಬೆಂಚಿಗೆ, ಗಂಡಸರ ಕಡೆ, ಹೆಂಗಸರ ಕಡೆ, ಹಾಡುವವರ ಕಡೆ, ಇಡೀ ಸಭೆ ಪುಟ ತಿರುಗಿಸಿತು. ಕೆಮ್ಮಿಲ್ಲ, ಪಿಸುಮಾತಿಲ್ಲ, ಬರೀ ಕಾಗದದ ಸದ್ದು. ಕಾಗದದ ನಡುವೆಯೇ ಬದುಕಿದವರಿಗೆ ಅದು ತಿಳಿಯದೇ ಇರುತ್ತದೆಯೇ? ಎಂದೂ ಇಲ್ಲದ ಹೊತ್ತಿನಲ್ಲಿ ಪುಟ ತಿರುಗುತ್ತಿದೆ ಎಂದರೆ ತಾನು ತಪ್ಪಿದ್ದೇನೆ. ಎಲ್ಲರೂ ತಿರುಗಿಸುತ್ತಿದ್ದಾರೆ ಎಂದರೆ, ತಾನಿರುವ ಕಡೆಗೆ ಎಲ್ಲರೂ ಬರುತ್ತಿದ್ದಾರೆ.

ಅವರು ಬೆರಳನ್ನು ಮುಂದಿನ ಸಾಲಿಗೆ ಜಾರಿಸಿದರು. ಪಾಠ ಮುಗಿಸಿದರು. ಸಭಾಪಾಲಕರು ಪ್ರಸಂಗಕ್ಕೆ ನಿಂತು, "ಆ ತಾಯಿಯ ಮಡಕೆಯ ಹಿಟ್ಟು ಹಿಟ್ಟಾಗುವುದಕ್ಕೆ ಮೊದಲು ಎಲ್ಲೋ ಒಂದು ಪೈರಾಗಿತ್ತಲ್ಲವೇ?" ಎಂದು ಶುರುಮಾಡಿ, ಅಲ್ಲಿಂದಲೇ ಸಸಿಗೆ ಬಂದರು. ಬಿಷಪ್ಪರ ಪತ್ರಕ್ಕೂ ಮೋಸವಾಗಲಿಲ್ಲ.

ಆರಾಧನೆ ಮುಗಿದ ಮೇಲೆ ಹುಣಸೆಮರದ ಕೆಳಗೆ ಕಾಫಿ. ಕಾಫಿಯ ಸೇವೆ ರಾಹೇಲಮ್ಮ ಎಂಬ ತಾಯಿಯದು, ಕಾಫಿಪುಡಿ ಅಂಗಡಿಯವರು, ಬಾಯಿ ಸ್ವಲ್ಪ ಜೋರು. ಸಮಾಧಾನಪ್ಪನವರು ಅವರ ಹತ್ತಿರ ಹೋಗಿ ನಿಂತರು.

"ಮೊದಲು ಪುಟ ತಿರುಗಿಸಿದ್ದು ನೀನೇ ಅಲ್ವೇನಮ್ಮ?"

"ಯಾರೋ ತಿರುಗಿಸಿದ್ರು. ನಂಗೇನು ಗೊತ್ತು? ಪ್ರತಿ ಸಲ ನಿಮ್ಮ ಪಾಠ ಮುಗಿಯೋ ಹೊತ್ತಿಗೆ ನನ್ನ ಹಾಲು ಕೆನೆ ಕಟ್ಟಿರುತ್ತೆ. ಇವತ್ತು ಬೇಗ ಮುಗಿಸಿದ್ರಿ, ಪುಣ್ಯ ಬಂತು."

"ನಿನ್ನ ಬಳೆ ಸದ್ದು ನಂಗೆ ಗೊತ್ತಿಲ್ವ?" ಎಂದರು ಇವರು. ಕನ್ನಡಕ ತೆಗೆದು, "ರಾಹೇಲಮ್ಮ, ನಂಗೆ ಅಕ್ಷರ ಕಾಣ್ಸಲ್ಲ ಕಣಮ್ಮ," ಎಂದರು. ಎರಡು ವರ್ಷದಲ್ಲಿ ಹೆಂಡತಿಯನ್ನು ಬಿಟ್ಟು ಬೇರೆಯವರಿಗೆ ಹೇಳಿದ್ದು ಅದೇ ಮೊದಲು.

"ಗೊತ್ತು."

"ಗೊತ್ತಾ?"

"ಎಲ್ಲರೂ ತಟ್ಟೆಯಿಂದ ಲೋಟ ಎತ್ಕೋತಾರೆ. ನಿಮಗೊಬ್ಬರಿಗೆ ನಾನು ಕೈಗೇ ಯಾಕೆ ಕೊಡ್ತೀನಿ ಅಂದ್ಕೊಂಡ್ರಿ? ನೀವೇನು ಬಿಷಪ್ಪಾ?"

ಹಾಗೆಂದು ಲೋಟವನ್ನು ಅವರ ಅಂಗೈಗಿಟ್ಟು, ಬೆರಳು ಮಡಿಚಿ, ಮುಂದಿನವರ ಕಡೆ ತಿರುಗಿದರು.

ಅಂದೇ ಸಮಾಧಾನಪ್ಪನವರು ಹೆಂಡತಿಯ ಜೊತೆ ಸಭಾಪಾಲಕರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದರು. "ನನ್ನ ಹೆಸರು ತೆಗೆದುಬಿಡಿ ಅಯ್ನೋರೆ," ಎಂದರು. ಹೇಳುವಾಗ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದರು.

ಅಯ್ಯನವರು ಕೇಳಿದರು, "ವಾರವೆಲ್ಲ ನಿಮಗೆ ಓದಿ ಹೇಳೋರು ಯಾರು?"

"ಇವಳೇ."

"ಎರಡು ವರ್ಷದಿಂದ ನಮ್ಮ ಸಭೆಗೆ ಪಾಠ ಓದ್ತಾ ಇರೋರು ಇವರು ಅಂತಾಯ್ತು. ಇವರ ಹೆಸರು ಹೂವಿನ ಸಾಲು ಬಿಟ್ಟು ಎಲ್ಲೂ ಇಲ್ವಲ್ಲ?"

ಹನ್ನಮ್ಮ ಸೆರಗು ಬಾಯಿಗೆ ಹಿಡಿದರು. "ಬೇಡಿ ಅಯ್ನೋರೆ. ನಂದು ಅಡುಗೆಮನೆ ಗಂಟಲು. ಮೈಕು ನೋಡಿದ್ರೇ ಒಣಗುತ್ತೆ."

"ಸಾಲು ನಾನು ಬಾಯಿಪಾಠದಲ್ಲಿ ಹಿಡ್ಕೊಂಡಿರ್ತೀನಿ. ನೀನು ಓದು," ಎಂದರು ಸಮಾಧಾನಪ್ಪ. ಆ 'ನೀನು ಓದು' ಮನೆಯಲ್ಲಿ ವಾರವೆಲ್ಲ ಹೇಳುತ್ತಿದ್ದ ಮಾತೇ, ಅದೇ ಧಾಟಿಯಲ್ಲಿ.

ಮೂರು ವಾರದ ನಂತರ ಹನ್ನಮ್ಮ ಮೆಟ್ಟಿಲು ಹತ್ತಿದರು. ಇವರು ಮುಂದಿನ ಬೆಂಚಿನ ತುದಿಯಲ್ಲಿ ಕೂತರು. ಐದು ವಚನ ಸರಾಗವಾಗಿ ಹೋಯಿತು. ಆರನೆಯದರಲ್ಲಿ ಆಕೆಗೆ ಸಾಲು ತಪ್ಪಿತು. ಬೆರಳು ಹುಡುಕಿತು, ಸಿಗಲಿಲ್ಲ. ಆಗ ಬೆಂಚಿನ ತುದಿಯಿಂದ, ಪಕ್ಕದವರಿಗೂ ಆಕೆಗೂ ಮಾತ್ರ ಕೇಳುವಷ್ಟು ಮೆಲ್ಲಗೆ, ಮುಂದಿನ ಪದ ಬಂತು. ಹನ್ನಮ್ಮ ಅದನ್ನು ಹಿಡಿದುಕೊಂಡು ಮುಂದೆ ನಡೆದರು. ಮುಂದಿನ ಮೂರು ತಿಂಗಳ ಪಟ್ಟಿಯಲ್ಲಿ ಪಾಠದ ಎದುರು ಎರಡು ಹೆಸರಿದ್ದವು. ಹನ್ನಮ್ಮ, ಸಮಾಧಾನಪ್ಪ. ಅದನ್ನು ಗಟ್ಟಿಯಾಗಿ ಓದಿ ಹೇಳಿದವರು ರಾಹೇಲಮ್ಮ; ಬಾಗಿಲಲ್ಲಿ ನಿಂತು ಕೇಳಿ, ಈ ಸಲ ಸುಮ್ಮನೆ ತಲೆಯಾಡಿಸಲಿಲ್ಲ ಸಮಾಧಾನಪ್ಪನವರು, ನಕ್ಕರು.

ಕಥೆ ಇಷ್ಟೇ. ಈಗ ನಮ್ಮ ಬಾಗಿಲಿಗೆ ಬರೋಣ.

ನಾವು ಸಭೆಯಲ್ಲಿ ಯಾರಾದರೂ ತಪ್ಪಿದಾಗ ಏನು ಮಾಡುತ್ತೇವೆ? ಹಾಡುವವರ ಶ್ರುತಿ ತಪ್ಪಿದಾಗ, ಕಾಣಿಕೆಯ ತಟ್ಟೆ ಹಿಡಿದವರು ಒಂದು ಬೆಂಚು ಮರೆತಾಗ? ಪಕ್ಕದವರ ಮುಖ ನೋಡುತ್ತೇವೆ. ನಾನೂ ನೋಡಿದ್ದೇನೆ. ಇನ್ನು ಮೇಲೆ ಪಕ್ಕದವರ ಮುಖ ನೋಡುವುದು ಬೇಡ, ಪುಟ ತಿರುಗಿಸೋಣ. ಸಭೆಯಲ್ಲಿ ಮಾತ್ರವಲ್ಲ. ಊಟದ ಮನೆಯಲ್ಲಿ ಅತ್ತೆ ಹೇಳಿದ ಕಥೆಯನ್ನೇ ಮತ್ತೆ ಹೇಳಿದಾಗ, ಗಂಡ ಹೆಸರು ಮರೆತು ತಡವರಿಸಿದಾಗ, ಅವರಿರುವ ಪುಟಕ್ಕೆ ನಾವೇ ಹೋಗೋಣ.

ನಿಮ್ಮ ಕೈಲಿ ಈಗ ಆಗದ ಸೇವೆಯನ್ನು ಮುಚ್ಚಿಟ್ಟುಕೊಂಡು ಮಾಡುತ್ತಿದ್ದೀರಾ? ಮಂಡಿ ನೋಯುತ್ತಿದ್ದರೂ ಗುಡಿಸುತ್ತಿದ್ದೀರಾ? ಹೇಳಿ. ಈ ವಾರವೇ ಒಬ್ಬರಿಗೆ ಹೇಳಿ. ನೀವು ಹೆದರುವಷ್ಟು ಕಠಿಣವಲ್ಲ ನಮ್ಮ ಮನಸ್ಸು. ಬಹುಶಃ ನಮಗೆ ಆಗಲೇ ಗೊತ್ತಿದೆ.

ಇನ್ನು, ನಮ್ಮ ಪಟ್ಟಿಯಲ್ಲಿ ಕಾಯಿಲೆಯವರನ್ನು ನೋಡಿಬರುವ ಸಾಲು ಎರಡು ವಾರ ಖಾಲಿ ಇದೆ. ಪೆನ್ನನ್ನು ದಾರ ಕಟ್ಟಿ ಅಲ್ಲೇ ತೂಗುಹಾಕಿದ್ದಾರೆ. ನಿಮ್ಮ ಹೆಸರು ಬರೆಯಿರಿ. ಬರೆಯುವ ಮೊದಲು ಮನೆಯಲ್ಲಿ ನಿಮಗೆ ಸಾಲು ಹಿಡಿದುಕೊಡುವವರು ಯಾರೆಂದು ಯೋಚಿಸಿ, ಅವರನ್ನು ಕೇಳಿ, ಅವರ ಹೆಸರನ್ನು ಮೊದಲು ಬರೆಯಿರಿ.

ಈಗ ಹೊರಗೆ ಕಾಫಿ ಕಾಯುತ್ತಿದೆ. ತಟ್ಟೆಯಿಂದ ನಿಮ್ಮ ಲೋಟ ಎತ್ತಿಕೊಳ್ಳುವ ಮೊದಲು ಒಮ್ಮೆ ಸುತ್ತ ನೋಡಿ. ಯಾರ ಕೈಗೆ ಕೊಡಬೇಕಾಗಿದೆಯೋ, ಅವರ ಕೈಗೆ ಕೊಡಿ.