ಅಕ್ಕನ ಬೀರುವಿನಲ್ಲಿ ನಿಂತ ಬಾಟಲಿ

ಬಸ್ಸಿನಲ್ಲಿ ಮುಂದಿನ ಸೀಟಿನ ಭಾವ-ಭಾಮೈದರ ಮಾತು ಡ್ಯೂಟಿ ಮುಗಿಸಿ ಹಿಂದಿನ ಸೀಟಿನಲ್ಲಿ ಕೂತಿದ್ದ ನರ್ಸಮ್ಮನ ಕಿವಿಗೆ ತಾನಾಗಿಯೇ ಬೀಳುತ್ತಿತ್ತು.

“ಅಕ್ಕ ತೀರ್ಕೊಳ್ಳೋ ಮುಂಚೆ ತಂದಿದ್ದ ವೈನ್ ಬಾಟ್ಲಿ ಇನ್ನೂ ಇದ್ಯಾ ಭಾವ?”

“ಅವಳ ಬಟ್ಟೆ ಬೀರುನಲ್ಲೇ ಇದೆ ಕಣೋ. ತಂಪು, ಕತ್ತಲು.”

“ಮಲಗಿಸಿಟ್ಟಿದ್ದೀರಾ?”

“ಅವಳು ನಿಲ್ಲಿಸಿದ್ಲು. ಹಾಗೇ ಇದೆ.”

“ಮೂರು ವರ್ಷ ನಿಂತೇ ಇರೋಕೆ ಅದೇನು ಕುದುರೆನಾ? ಬಿರಡೆ ಒಣಗಿ, ಗಾಳಿ ನುಗ್ಗಿ, ಹುಳಿಯಾಗುತ್ತೆ. ಇವತ್ತೇ ಮಲಗಿಸಿ.”

“ಬೀರು ತೆಗೀಬೇಕಲ್ಲೋ.”

“ಅಂದ್ರೆ, ತೆಗೆದೇ ಇಲ್ವಾ?”

“ಬೆಳಕು ಬಿದ್ರೆ ವೈನ್ ಕೆಡುತ್ತಲ್ಲ...”



“ನಾನೂ ನಿಮ್ಮ ಸ್ಟಾಪಲ್ಲೇ ಇಳೀತೀನಿ.”

“ಬಾ. ನೀನೇ ತೆಗಿ. ಅವಳ ಬಟ್ಟೆ ವಾಸನೆ ಹೊರಗೆ ಹೋಗೋ ಮುಂಚೆ ಮುಚ್ಚಿಬಿಡು.”

ಬಸ್ಸು ನಿಂತಿತು. ಭಾವನ ಕೈಚೀಲವನ್ನು ಭಾಮೈದನೇ ಎತ್ತಿಕೊಂಡ.