ಹೇಮಾಗೆ ಗುಡ್ಡದ ಕೆಲಸ ಬೇಡ

ಹೊಸಪೇಟೆ ನಿಲ್ದಾಣದಲ್ಲಿ ನಾನು ಕಂಪ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗಣಿ ಕಂಪನಿಯ ಇಬ್ಬರು ಕುಳಿತಿದ್ದರು. ಕೊರಳ ಗುರುತುಚೀಟಿಗಳನ್ನು ಕದ್ದು ಓದಿದೆ: ಸರ್ವೇಯರ್ ಹೇಮಾ, ಮ್ಯಾನೇಜರ್ ನಾಗಭೂಷಣ.

“ಸರ್, ಕೆಲಸ ಹಂಚೋ ಆ ಎಐ ಈ ವಾರನೂ ಆಫೀಸಿನ್ಯಾಗ ನನ್ನ ಕುಂದ್ರಿಸೈತ್ರಿ. ಗುಡ್ಡದ ಸರ್ವೆ ಮತ್ತ ಗಿರೀಶಗ ಕೊಟ್ಟೈತಿ.”

“ಬಸುರಿದ್ದಾಗ ಗುಡ್ಡ ಬ್ಯಾಡ ಅಂದಾಕಿ ನೀನ ಅಲ್ಲೇನಮ್ಮ? ಅದನ್ನ ನೆನಪಿಟ್ಟೈತಿ.”

“ಮಗಳು ಈಗ ಅಂಗನವಾಡಿಗೆ ಹೋಗ್ತಾಳ್ರಿ!”

“ಅದನ್ನ ಆ ಎಐಗೆ ಹೇಳಬೇಕಿತ್ತಲ್ಲ?”

“ಹೇಳಿದೆ. ‘ಹೇಮಾಗೆ ಸಣ್ಣ ಮಗು ಐತಿ’ ಅಂತ ಅದನ್ನೂ ಬರಕೊಂತು.”

“ಥೇಟ್ ನಮ್ಮತ್ತಿ!” ನಾಗಭೂಷಣ ನಕ್ಕರು.

ಹೇಮಾ ನಗಲಿಲ್ಲ. “ಗುಡ್ಡದ ಕೆಲಸ ಮಾಡದಿದ್ರ ಪ್ರಮೋಷನ್ ಇಲ್ಲಂತ ನಿಮಗ ಗೊತ್ತೈತಲ್ರಿ. ಆ ಹಳೇ ನೆನಪು ಅಳಸಾಕ ಹೇಳ್ರಿ ಅದಕ್ಕ.”

“ಅಳಸೋ ಮುಂಚೆ ಅದು ನನ್ನ ಕೇಳ್ತೈತಿ.”

“ಕೇಳಿತ್ತೇನ್ರಿ?”

“ಸೋಮವಾರ ಕೇಳಿತ್ತು.”

“ಏನಂದ್ರಿ?”

ಅವರು ಗಡಿಯಾರ ನೋಡಿಕೊಂಡರು. “ಸದ್ಯಕ್ಕ ಹಂಗ ಇರಲಿ ಅಂದೆ. ನಿನ್ನ ಒಳ್ಳೇದಕ್ಕಮ್ಮ.”

ಸಂಡೂರು ಬಸ್ಸು ಬಂದು ನಿಂತಿತು.

“ಹಂಗಾದ್ರ ಇಷ್ಟು ದಿನ ನಾನು ಸುಮ್ಮನ ಮಷಿನಿಗೆ ಬೈದ್ನಲ್ರಿ,” ಎಂದಳು ಹೇಮಾ. ಅವರಿಗೆ ಕಾಯದೆ ಎದ್ದು ಹೋಗಿ ಬಸ್ಸು ಹತ್ತಿದಳು.